ಹಳೇ ಜೀಪ್ ಪಿಕಪ್ಪಿಗೆ ಹೊಸ ವಾಟರ್ ಪಂಪ್: ಬಿಚ್ಚುವುದರಿಂದ ಘಟ್ಟ ಹತ್ತಿಸುವವರೆಗೆ

ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟದಲ್ಲಿ ಬಾನೆಟ್ ಎತ್ತಿ ನಿಂತ ಹಳೇ ಪಿಕಪ್ ಕಂಡರೆ ನಮ್ಮ ಕಡೆಯವರು ಕೇಳುವುದು ಒಂದೇ ಮಾತು: "ನೀರು ಬೇಕಾ?" ಒಂದು ಕ್ಯಾನ್ ನೀರು ಹೊಯ್ದರೆ ಗಾಡಿ ಹೊರಡುತ್ತದೆ. ಆದರೆ ಹಾಕಿದ್ದ ನೀರು ಹೋಗಿದ್ದೆಲ್ಲಿಗೆ ಅಂತ ಯಾರೂ ನೋಡುವುದಿಲ್ಲ. ಬಹಳ ಸಲ ಅದು ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ನೀರು ಸುತ್ತಿಸುವ ವಾಟರ್ ಪಂಪಿನ ಹೊಟ್ಟೆಯ ಕೆಳಗಿಂದ ಹನಿಹನಿಯಾಗಿ ರಸ್ತೆಗೆ ಹೋಗಿರುತ್ತದೆ.

ಪಂಪ್ ಬದಲಿಸುವುದು ದೊಡ್ಡ ವಿದ್ಯೆಯಲ್ಲ. ಮನೆ ಅಂಗಳದಲ್ಲೇ ಮಾಡಬಹುದು. ಆದರೂ ಹೊಸ ಪಂಪ್ ಹಾಕಿ ವರ್ಷ ತುಂಬುವುದರೊಳಗೆ ಮತ್ತೆ ಸೋರಿತು ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಎಲ್ಲರೂ ಬಯ್ಯುವುದು ಪಂಪ್ ಮಾಡಿದ ಕಂಪನಿಯನ್ನು. ನಾನು ನೋಡಿದ ಮಟ್ಟಿಗೆ ಪಂಪಿನ ಆಯಸ್ಸು ಬೇರೆ ಎರಡು ವಿಷಯದ ಮೇಲೆ ನಿಂತಿದೆ: ಅದು ಕೂರುವ ಎಂಜಿನ್ನಿನ ಮುಖವನ್ನು ನೀವು ಎಷ್ಟು ಚೊಕ್ಕ ಮಾಡಿದ್ದೀರಿ, ಆಮೇಲೆ ಅದಕ್ಕೆ ಯಾವ ನೀರು ಕುಡಿಸಿದ್ದೀರಿ. ಹಾಗಾಗಿ ಈ ಎರಡನ್ನು ಮಾತ್ರ ಸ್ವಲ್ಪ ಜಾಸ್ತಿಯೇ ಎಳೆದು ಬರೆದಿದ್ದೇನೆ.

ಯಾವ ಗಾಡಿಯ ಮಾತು ಇದು

ವಿಲ್ಲಿಸ್ ಮತ್ತು ಹಳೇ ಮಹೀಂದ್ರ ಜೀಪ್, ಪಿಕಪ್‌ಗಳಲ್ಲಿ ಬರುತ್ತಿದ್ದ ಹರಿಕೇನ್ ಎಫ್-4 ಪೆಟ್ರೋಲ್ ಎಂಜಿನ್ನನ್ನು ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ. ನಾಲ್ಕು ಸಿಲಿಂಡರ್, 2199 ಸಿಸಿ. ಇನ್‌ಲೆಟ್ ವಾಲ್ವ್ ಮೇಲೆ ಹೆಡ್ಡಿನಲ್ಲಿ, ಎಗ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕಿನಲ್ಲಿ, ಅಂದರೆ ಎಂಜಿನ್ನಿನ ಮುಖ್ಯ ಮೈಯಲ್ಲಿ, ಇರುವ ಜಾತಿ. ವಾಟರ್ ಪಂಪ್ ಬ್ಲಾಕಿನ ಮುಂಭಾಗಕ್ಕೆ ನೇರವಾಗಿ ಬೋಲ್ಟ್ ಆಗಿರುತ್ತದೆ. ಅದೇ ಪಂಪಿನ ಶಾಫ್ಟಿನ ಮೇಲೆ ಫ್ಯಾನೂ ಕೂತಿರುತ್ತದೆ.

ನಿಮ್ಮದು ಡಿಪಿ ಡೀಸೆಲ್, ಅಂದರೆ 2112 ಸಿಸಿಯ ಪ್ಯೂಜೋ ಎಕ್ಸ್‌ಡಿಪಿ ಎಂಜಿನ್ ಆದರೂ ಕೆಲಸದ ಕ್ರಮ ಹೆಚ್ಚುಕಡಿಮೆ ಇದೇ. ಬೋಲ್ಟುಗಳ ಅಳತೆ ಮಾತ್ರ ಬೇರೆ. ಒಂದು ಎಚ್ಚರ: ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಲ್ಲಿ ಓಡುವ ಹಳೇ ಗಾಡಿಗಳಲ್ಲಿ ಮೂಲ ಎಂಜಿನ್ ಉಳಿದಿರುತ್ತದೆ ಅಂತ ಹೇಳಲಾಗುವುದಿಲ್ಲ. ಪೆಟ್ರೋಲ್ ಇಳಿಸಿ ಡೀಸೆಲ್ ಏರಿಸಿದವು ಸುಮಾರಿವೆ. ಸಾಮಾನು ತರುವಾಗ ಗಾಡಿಯ ಹೆಸರು ಹೇಳಬೇಡಿ, ಎಂಜಿನ್ನಿನ ಹೆಸರು ಹೇಳಿ.

ಮೊದಲು, ತಪ್ಪು ಪಂಪಿನದೇ ಹೌದಾ?

ಗಾಡಿ ಬಿಸಿಯಾಗಿ ಕಾಯುತ್ತದೆ ಅಂದ ಕೂಡಲೇ ಪಂಪಿಗೆ ಕೈ ಹಾಕಬಾರದು. ಎಲ್ಲಿ ಕಾಯುತ್ತದೆ ಅನ್ನುವುದೇ ಅರ್ಧ ಉತ್ತರ. ಕಾರವಾರದ ಪೇಟೆಯಲ್ಲಿ ನಿಂತಲ್ಲೇ ಕಾದು, ಹೆದ್ದಾರಿಗೆ ಬಂದ ಮೇಲೆ ತಣ್ಣಗಾದರೆ ಗಾಳಿಯ ಕೊರತೆ: ಫ್ಯಾನ್ ಬೆಲ್ಟ್ ಸಡಿಲ ಇರಬಹುದು, ರೇಡಿಯೇಟರಿನ ಎದುರು ಹುಳಹುಪ್ಪಟೆ, ಮಣ್ಣು ಮೆತ್ತಿರಬಹುದು. ಬಯಲಿನಲ್ಲಿ ಚೆನ್ನಾಗಿದ್ದು ಲೋಡ್ ಹಾಕಿಕೊಂಡು ಘಟ್ಟ ಹತ್ತುವಾಗ ಮಾತ್ರ ಕಾದರೆ ರೇಡಿಯೇಟರಿನ ಒಳಗೆ ಗಸಿ ಕಟ್ಟಿದೆಯಾ, ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಹೊತ್ತು) ಹಿಂದೆ ಬಿದ್ದಿದೆಯಾ ಅಂತ ಮೊದಲು ನೋಡಿ. ತಣ್ಣಗಿರುವಾಗ ಮುಚ್ಚಳ ತೆಗೆದು ಎಂಜಿನ್ ಚಾಲು ಮಾಡಿದರೆ ರೇಡಿಯೇಟರಿನಲ್ಲಿ ಗುಳ್ಳೆ ಬರುತ್ತಲೇ ಇದೆಯಾ? ಆಯಿಲ್ ಕೋಲಿಗೆ ಹಾಲು ಬೆರೆಸಿದ ಚಹಾದ ಬಣ್ಣ ಬಂದಿದೆಯಾ? ಹಾಗಾದರೆ ಅದು ಹೆಡ್ಡಿಗೂ ಬ್ಲಾಕಿಗೂ ನಡುವೆ ಸೋರದಂತೆ ಇಡುವ ಪದರದ, ಅಂದರೆ ಹೆಡ್ ಗ್ಯಾಸ್ಕೆಟ್ಟಿನ ಕಥೆ. ಪಂಪ್ ಬದಲಿಸಿದರೆ ದುಡ್ಡು ದಂಡ.

ಪಂಪಿನದೇ ತಪ್ಪು ಅಂತ ಹೇಳುವ ಗುರುತುಗಳು ಬೇರೆ. ಪಂಪಿನ ಮೈಯ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ನೀರು ತಡೆಯುವ ಸೀಲಿಗೂ ಹಿಂದಿನ ಬೇರಿಂಗಿಗೂ ನಡುವಿನ ಜಾಗ ಅದು. ಸೀಲ್ ಸವೆದು ಒಳಗಿನ ನೀರು ದಾಟಿದರೆ ಬೇರಿಂಗಿಗೆ ಹೋಗದೆ ಅಲ್ಲಿಂದ ಹೊರಗೆ ಬೀಳಲಿ ಅಂತಲೇ ಅದನ್ನು ಬಿಟ್ಟಿರುತ್ತಾರೆ. ಟಾರ್ಚ್ ಹಿಡಿದು ನೋಡಿ. ತೂತಿನಿಂದ ಕೆಳಗೆ ಕಂದು ಅಥವಾ ಬಿಳಿ ಗೆರೆ ಇಳಿದಿದ್ದರೆ ಸೀಲ್ ಹೋಗಿದೆ ಅಂತ ಲೆಕ್ಕ. ಕೆಲವರು ಈ ತೂತಿಗೆ ಎಂ-ಸೀಲ್ ಮೆತ್ತಿ "ಸೋರೋದು ನಿಂತಿತು" ಅನ್ನುತ್ತಾರೆ. ನಿಲ್ಲುವುದೇನೋ ನಿಲ್ಲುತ್ತದೆ, ನೀರು ಈಗ ಬೇರಿಂಗಿನೊಳಗೆ ಹೋಗಲು ಶುರುವಾಗುತ್ತದೆ. ಆ ಬೇರಿಂಗ್ ಓಡುವಾಗ ಹಿಡಿದುಕೊಂಡರೆ ಫ್ಯಾನ್ ಹೋಗಿ ರೇಡಿಯೇಟರಿನ ಎದೆಗೆ ಬೀಳುತ್ತದೆ.

ಇನ್ನೊಂದು ಪರೀಕ್ಷೆ. ಎಂಜಿನ್ ಬಂದ್ ಮಾಡಿ, ಬೆಲ್ಟ್ ಸಡಿಲಿಸಿ, ಫ್ಯಾನಿನ ಎದುರುಬದುರು ಎರಡು ರೆಕ್ಕೆ ಹಿಡಿದು ಹಿಂದೆಮುಂದೆ ಅಲುಗಾಡಿಸಿ. ಟಕ್ ಟಕ್ ಅಂತ ಆಟ ಸಿಕ್ಕರೆ ಬೇರಿಂಗ್ ಮುಗಿದಿದೆ. ತಿರುಗಿಸಿದಾಗ ಮರಳು ಅರೆದ ಹಾಗೆ ಕೈಗೆ ಬಂದರೂ ಅಷ್ಟೇ.

ಸೋರಿಕೆಯೂ ಇಲ್ಲ, ಶಬ್ದವೂ ಇಲ್ಲ, ಆದರೂ ನೀರು ಓಡುತ್ತಿಲ್ಲ ಅಂದರೆ ಒಳಗೆ ನೀರು ತಳ್ಳುವ ರೆಕ್ಕೆಚಕ್ರವನ್ನು, ಅಂದರೆ ಇಂಪೆಲ್ಲರನ್ನು, ತುಕ್ಕು ತಿಂದಿರಬಹುದು, ಅಥವಾ ಅದು ಶಾಫ್ಟಿನ ಮೇಲೆ ಸಡಿಲಾಗಿ ಜಾರುತ್ತಿರಬಹುದು. ಇದು ಬಿಚ್ಚದೆ ಗೊತ್ತಾಗುವುದು ಕಷ್ಟ. ಅದಕ್ಕೂ ಮೊದಲು ಕೆಳಗಿನ ಹೋಸ್ ಪೈಪ್ ನೋಡಿ. ಎಂಜಿನ್ ರೇಸ್ ಮಾಡಿದಾಗ ಅದು ಚಪ್ಪಟೆಯಾಗುತ್ತಿದ್ದರೆ ಪೈಪ್ ಮೆತ್ತಗಾಗಿದೆ, ಇಲ್ಲ ಒಳಗಿನ ಸ್ಪ್ರಿಂಗ್ ಕರಗಿ ಹೋಗಿದೆ. ನೂರಿನ್ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸಕ್ಕೆ ಪಂಪ್ ಇಳಿಸುವುದು ಯಾಕೆ?

ಹೊಸತಾ, ರಿಪೇರಿಯಾ?

ಹಳೇ ಪಂಪ್ ಕಳಚಿದ ಮೇಲೇ ಹೊಸದನ್ನು ತರುವುದು ಒಳ್ಳೆಯದು. ಹುಬ್ಬಳ್ಳಿಗೆ ಹೋಗುವವರ ಕೈಯಲ್ಲಿ ಹಳೆಯದನ್ನೇ ಚೀಲಕ್ಕೆ ಹಾಕಿ ಕಳಿಸಿ, ಫೋಟೋ ಸಾಲದು. ಅಂಗಡಿಯ ಮೇಜಿನ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ನಾಲ್ಕು ವಿಷಯ ಹೋಲಿಸಬೇಕು. ಬೋಲ್ಟ್ ತೂತುಗಳು ಒಂದಕ್ಕೊಂದು ಸರಿಹೊಂದುತ್ತವಾ. ಹೋಸ್ ಕೂರುವ ಮೂತಿಯ ದಪ್ಪ ಒಂದೇನಾ. ಇಂಪೆಲ್ಲರಿನ ರೆಕ್ಕೆ ಒಂದೇ ದಿಕ್ಕಿಗೆ ಬಾಗಿದೆಯಾ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಪಂಪ್ ಬ್ಲಾಕಿಗೆ ಕೂರುವ ಮುಖದಿಂದ ಫ್ಯಾನ್ ಕೂರುವ ಹಬ್ಬಿನ ತುದಿಯವರೆಗಿನ ದೂರ. ಸ್ಕೇಲ್ ಇಟ್ಟು ಅಳೆಯಿರಿ. ಇದು ಕೆಲವು ಮಿಲಿಮೀಟರ್ ಹೆಚ್ಚಾದರೂ ಪುಲ್ಲಿ ಸಾಲು ತಪ್ಪಿ ಬೆಲ್ಟ್ ಕಿರುಚುತ್ತದೆ, ಇನ್ನೂ ಹೆಚ್ಚಾದರೆ ಫ್ಯಾನ್ ರೇಡಿಯೇಟರಿಗೆ ತಾಗುತ್ತದೆ.

ಮೂಲ ಪಂಪಿನ ಎರಕದ ಮೈ ಗಟ್ಟಿಯಾಗಿದ್ದರೆ, ಹೊಸ ಅಗ್ಗದ ಪಂಪಿಗಿಂತ ಅದನ್ನೇ ರಿಪೇರಿ ಕಿಟ್ ಹಾಕಿ ಕಟ್ಟಿಸುವುದು ನನಗೆ ಇಷ್ಟ. ಕಿಟ್ಟಿನಲ್ಲಿ ಶಾಫ್ಟ್ ಸಮೇತ ಬೇರಿಂಗ್, ಸೀಲ್, ಕೆಲವೊಮ್ಮೆ ಇಂಪೆಲ್ಲರ್ ಬರುತ್ತದೆ. ಆದರೆ ಅದನ್ನು ಪ್ರೆಸ್ ಇರುವ ಕಡೆಯೇ ಕೊಡಿ. ಸುತ್ತಿಗೆಯಲ್ಲಿ ಹೊಡೆದು ಕೂರಿಸಿದ ಬೇರಿಂಗ್ ಮನೆಗೆ ಬರುವಾಗಲೇ ಅರ್ಧ ಸತ್ತಿರುತ್ತದೆ.

ಸಾಮಾನು

ಹರಿಕೇನ್ ಎಂಜಿನ್ನಿಗೆ ಇಂಚಿನ ಸ್ಪ್ಯಾನರ್ ಬೇಕು. 5/16 ಇಂಚಿನ ಬೋಲ್ಟಿಗೆ 1/2 ಸ್ಪ್ಯಾನರ್, 3/8 ಬೋಲ್ಟಿಗೆ 9/16. ಮನೆಯಲ್ಲಿ 13 ನಂಬರ್ ಇದ್ದರೆ 1/2ರ ಜಾಗಕ್ಕೆ ಹೇಗೋ ನಡೆಯುತ್ತದೆ, ಆದರೆ 9/16ಕ್ಕೆ 14 ಹಿಡಿಯುವುದಿಲ್ಲ, 15 ಜಾರುತ್ತದೆ. ಜಾರಿದ ಸ್ಪ್ಯಾನರ್ ಬೋಲ್ಟಿನ ತಲೆಯನ್ನು ಗುಂಡಗೆ ಮಾಡಿಬಿಟ್ಟರೆ ಮುಂದಿನ ಅರ್ಧ ದಿನ ಅಲ್ಲೇ ಹೋಯಿತು. ಆರು ಮೂಲೆ ಇರುವ ಸಾಕೆಟ್ ಅಥವಾ ರಿಂಗ್ ಸ್ಪ್ಯಾನರ್ ಬಳಸಿ.

ಉಳಿದಂತೆ: ಹೊಸ ಹೋಸ್ ಪೈಪ್ ಎರಡು, ಕ್ಲಿಪ್ಪುಗಳು, ಫ್ಯಾನ್ ಬೆಲ್ಟ್, ಗ್ಯಾಸ್ಕೆಟ್ ಪೇಪರ್, ಗ್ಯಾಸ್ಕೆಟ್ಟಿಗೆ ಹಚ್ಚುವ ಪೇಸ್ಟ್, ತುಕ್ಕು ಬಿಡಿಸುವ ಸ್ಪ್ರೇ, ತಂತಿ ಬ್ರಷ್, ಹೊಸ ಬೋಲ್ಟ್ ಒಂದು ಸೆಟ್. ಕರಾವಳಿಯವರು ಕ್ಲಿಪ್ಪನ್ನಾದರೂ ಸ್ಟೇನ್‌ಲೆಸ್ ಸ್ಟೀಲಿನದು ತನ್ನಿ, ಉಪ್ಪು ಗಾಳಿಗೆ ಸಾದಾ ಕ್ಲಿಪ್ ಎರಡು ಮಳೆಗಾಲ ಕಂಡರೆ ಜಾಸ್ತಿ.

ನೀರು ಇಳಿಸುವುದು

ಎಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿ ಇರುವಾಗ ಮುಚ್ಚಳ ತಿರುಗಿಸಿದರೆ ಕುದಿನೀರು ಮುಖಕ್ಕೇ ಹಾರುತ್ತದೆ. ಬ್ಯಾಟರಿಯ ಅರ್ಥ್ ವೈರ್ ಮೊದಲು ಬಿಚ್ಚಿಡಿ.

ರೇಡಿಯೇಟರಿನ ಕೆಳಗಿನ ನಲ್ಲಿ ತೆರೆದರೆ ಎಲ್ಲ ನೀರೂ ಇಳಿಯಿತು ಅಂತ ತಿಳಿಯಬೇಡಿ. ಬ್ಲಾಕಿನ ಪಕ್ಕದಲ್ಲಿ ಕೆಳಗೆ ಇನ್ನೊಂದು ನಲ್ಲಿ ಅಥವಾ ಪ್ಲಗ್ ಇರುತ್ತದೆ. ಅದನ್ನೂ ತೆಗೆಯಬೇಕು. ವರ್ಷಗಟ್ಟಲೆ ಮುಟ್ಟದಿದ್ದರೆ ತೆಗೆದರೂ ಹನಿ ಬೀಳುವುದಿಲ್ಲ. ಆಗ ಒಂದು ಗಟ್ಟಿ ತಂತಿ ಚುಚ್ಚಿ. ಮೊದಲು ಕೆಸರು, ಆಮೇಲೆ ನೀರು ಬರುತ್ತದೆ. ಆ ಕೆಸರಿನ ಪ್ರಮಾಣ ನೋಡಿದರೆ ಗಾಡಿ ಯಾಕೆ ಕಾಯುತ್ತಿತ್ತು ಅನ್ನುವುದು ನಿಮಗೇ ಅಂದಾಜಾಗುತ್ತದೆ. ಈ ಎಂಜಿನ್ನಿನಲ್ಲಿ ಒಟ್ಟು ಹತ್ತು-ಹನ್ನೊಂದು ಲೀಟರ್ ಹಿಡಿಯುತ್ತದೆ, ಅಗಲದ ಬೋಗುಣಿ ಇಡಿ.

ಹಸಿರು ಕೂಲೆಂಟ್ ಹಾಕಿದ ಗಾಡಿಯಾದರೆ ಒಂದು ಹನಿಯೂ ಅಂಗಳದಲ್ಲಿ ನಿಲ್ಲಬಾರದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ಆದರೆ ವಿಷ. ನಾಯಿ, ಬೆಕ್ಕು ನೆಕ್ಕುತ್ತವೆ, ಕೊಟ್ಟಿಗೆಯ ಕರು ಬಾಯಿ ಹಾಕುತ್ತದೆ. ತೋಟದ ಕಾಲುವೆಗೋ ಬಾವಿಯ ಹತ್ತಿರವೋ ಚೆಲ್ಲಬೇಡಿ. ಮುಚ್ಚಳ ಇರುವ ಕ್ಯಾನಿಗೆ ತುಂಬಿ, ಹಳೇ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನಲ್ಲಿ ವಿಚಾರಿಸಿ ಕೊಟ್ಟುಬಿಡಿ.

ರೇಡಿಯೇಟರ್, ಫ್ಯಾನ್, ಬೆಲ್ಟ್

ರೇಡಿಯೇಟರ್ ಇಳಿಸದೆಯೂ ಪಂಪ್ ತೆಗೆಯಬಹುದು ಅಂತ ಹಟ ಮಾಡುವವರಿದ್ದಾರೆ. ತೆಗೆಯಬಹುದು, ನಿಜ. ಆದರೆ ಕೈ ಆಡಿಸಲು ಇರುವ ಜಾಗ ನಾಲ್ಕು ಬೆರಳಿನಷ್ಟು, ಸ್ಪ್ಯಾನರ್ ಜಾರಿದರೆ ನೇರ ಹೋಗಿ ರೇಡಿಯೇಟರಿನ ಪದರಿಗೆ ಬಡಿಯುತ್ತದೆ. ಎರಡು ಹೋಸ್ ಕಳಚಿ, ಮೇಲಿನ ಆಧಾರ ಕಡ್ಡಿ ಮತ್ತು ಕೆಳಗಿನ ಬೋಲ್ಟ್ ಬಿಚ್ಚಿದರೆ ಅದು ಮೇಲೆ ಬರುತ್ತದೆ. ಕೆಳಗಿರುವ ರಬ್ಬರ್ ಪ್ಯಾಡ್ ಕಳೆಯಬೇಡಿ. ಹೋಸ್ ಅಂಟಿಕೊಂಡಿದ್ದರೆ ಎಳೆಯಬೇಡಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಹೇಗೂ ಹೊಸತು ಹಾಕುತ್ತೀರಲ್ಲ. ಎಳೆದರೆ ಹಿತ್ತಾಳೆಯ ಮೂತಿಯ ಬೆಸುಗೆ ಬಿಡುತ್ತದೆ.

ರೇಡಿಯೇಟರ್ ಹೊರಗೆ ಬಂದಿದೆ ಅಂದ ಮೇಲೆ ತಲೆಕೆಳಗೆ ಮಾಡಿ ಹೋಸಿನಿಂದ ಹಿಮ್ಮುಖವಾಗಿ ನೀರು ಬಿಡಿ. ನೀರು ತಿಳಿಯಾಗುವವರೆಗೆ ಬಿಡಬೇಕು.

ಡೈನಮೊದ ಬೋಲ್ಟ್ ಸಡಿಲಿಸಿ ಒಳಗೆ ತಳ್ಳಿದರೆ ಬೆಲ್ಟ್ ಹೊರಬರುತ್ತದೆ. ಫ್ಯಾನಿನ ನಾಲ್ಕು ಬೋಲ್ಟ್ ತೆಗೆಯುವ ಮೊದಲು ಅದರ ಮುಂದಿನ ಮುಖಕ್ಕೆ ಪೇಂಟಿನಿಂದ ಗುರುತು ಹಾಕಿ. ಫ್ಯಾನ್ ಹಿಂದುಮುಂದಾಗಿ ಕೂತರೂ ಗಾಳಿ ಅದೇ ದಿಕ್ಕಿಗೆ ಹೋಗುತ್ತದೆ, ಆದ್ದರಿಂದ ತಪ್ಪು ತಕ್ಷಣ ತಿಳಿಯುವುದಿಲ್ಲ. ಆದರೆ ರೆಕ್ಕೆಯ ಬಾಗು ತಿರುವುಮುರುವಾಗಿ ಗಾಳಿ ಕಮ್ಮಿ ಎಳೆಯುತ್ತದೆ.

ತುಕ್ಕು ಹಿಡಿದ ಬೋಲ್ಟ್

ಹೊತ್ತು ಹೋಗುವುದು ಇಲ್ಲಿ. ಹಿಂದಿನ ರಾತ್ರಿಯೇ ಪಂಪಿನ ಬೋಲ್ಟುಗಳಿಗೆ ಸ್ಪ್ರೇ ಹೊಡೆದಿಟ್ಟರೆ ಬೆಳಿಗ್ಗೆ ಅರ್ಧ ಕೆಲಸ ಹಗುರ. ಸಾಕೆಟ್ ಹಾಕಿ ಒಮ್ಮೆಲೇ ಬಲ ಬಿಡಬೇಡಿ. ಮೊದಲು ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಮೇಲಿನಿಂದ ಎರಡು ಸಲ ಟಣ್ ಟಣ್ ಅಂತ ಹೊಡೆಯಿರಿ. ಒಳಗಿನ ತುಕ್ಕಿನ ಹಿಡಿತ ಬಿರಿಯುತ್ತದೆ. ಆಮೇಲೆ ಬಿಚ್ಚುವ ದಿಕ್ಕಿಗೆ ಸ್ವಲ್ಪ, ಬಿಗಿಯುವ ದಿಕ್ಕಿಗೆ ಸ್ವಲ್ಪ, ಹೀಗೆ ಆಡಿಸಿ. ಕಟ್ಟಾಗುವ ಬೋಲ್ಟ್ ಮೊದಲೇ ಸೂಚನೆ ಕೊಡುತ್ತದೆ: ಕಿರ್ ಅಂತ ಬಿಗಿಯಾಗಿ ತಿರುಗುತ್ತಿದ್ದದ್ದು ಇದ್ದಕ್ಕಿದ್ದಂತೆ ರಬ್ಬರಿನ ಹಾಗೆ ಮೆತ್ತಗಾಗುತ್ತದೆ. ಅದು ತಿರುಗುತ್ತಿಲ್ಲ, ತಿರುಚಿಕೊಳ್ಳುತ್ತಿದೆ. ಅಲ್ಲಿಗೇ ನಿಲ್ಲಿಸಿ.

ಆಗ ಬಿಸಿ ಕೊಡಬೇಕು. ಬೋಲ್ಟಿಗಲ್ಲ, ಅದರ ಸುತ್ತಲಿನ ಕಬ್ಬಿಣಕ್ಕೆ. ಪೆಟ್ರೋಲ್ ಗಾಡಿಯಾದ್ದರಿಂದ ಪೆಟ್ರೋಲ್ ಪಂಪ್, ಪೈಪ್, ಕಾರ್ಬ್ಯುರೇಟರ್ ಕಡೆ ಗಮನ ಇರಲಿ. ಸ್ಪ್ರೇ ಹೊಡೆದ ಜಾಗ ಒರೆಸಿ ಆಮೇಲೆ ಬೆಂಕಿ ತನ್ನಿ. ಒಬ್ಬರು ಮರಳಿನ ಬಕೆಟ್ ಅಥವಾ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಪಕ್ಕದಲ್ಲಿರಲಿ. ಬಿಸಿಯಾದ ಬೋಲ್ಟಿನ ಬುಡಕ್ಕೆ ಮೇಣದ ಬತ್ತಿ ತಾಗಿಸಿದರೆ ಕರಗಿದ ಮೇಣ ಬೋಲ್ಟಿನ ಎಳೆಯೊಳಗೆ (ಥ್ರೆಡ್) ಇಳಿಯುತ್ತದೆ. ಒಂದೆರಡು ನಿಮಿಷ ಬಿಟ್ಟು ತಿರುಗಿಸಿ. ಶಿರಸಿಯ ಹಳೇ ಮೇಸ್ತ್ರಿಯೊಬ್ಬರು ಇದನ್ನು ಮಾಡುತ್ತಾ, "ಭಟ್ರೇ, ಬೋಲ್ಟಿಗೆ ಬಲ ಕೊಡಬೇಡಿ, ಹೊತ್ತು ಕೊಡಿ" ಅನ್ನುತ್ತಿದ್ದರು.

ಅಷ್ಟಾದರೂ ಕಟ್ಟಾಯಿತಾ? ಪಂಪ್ ಹೊರಗೆ ಬಂದ ಮೇಲೆ ಹೊರಗೆ ಉಳಿದ ತುಂಡಿನ ಮೇಲೆ ಒಂದು ನಟ್ ಇಟ್ಟು ಒಳಗಿಂದ ವೆಲ್ಡ್ ಮಾಡಿಸಿ. ವೆಲ್ಡಿಂಗಿನ ಬಿಸಿಗೇ ತುಕ್ಕು ಬಿಡುತ್ತದೆ, ನಟ್ ಹಿಡಿದು ತಿರುಗಿಸಿದರೆ ಬರುತ್ತದೆ. ಮಟ್ಟಸಕ್ಕೆ ಕಟ್ಟಾಗಿದ್ದರೆ ಡ್ರಿಲ್ ಮಾಡಬೇಕು. ಅದು ನಡುವಿಗೇ ಬೀಳಬೇಕು, ಇಲ್ಲವಾದರೆ ಬ್ಲಾಕಿನ ಎಳೆ ಹಾಳು. ಕೈ ನಡುಗುವವರು ಈ ಒಂದು ಕೆಲಸವನ್ನು ಲೇತ್ ಅಂಗಡಿಯವರಿಗೆ ಬಿಡಿ.

ಬೋಲ್ಟುಗಳ ಉದ್ದ ಒಂದೇ ಇರುವುದಿಲ್ಲ. ಒಂದು ರಟ್ಟಿನ ಮೇಲೆ ಪಂಪಿನ ಆಕಾರ ಬರೆದು, ಯಾವ ಬೋಲ್ಟ್ ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡಿ.

ಇಲ್ಲೇ ಇನ್ನೊಂದು ಮಾತು. ಮೊದಲು ಕೆಲಸ ಮಾಡಿದವರು ಇಂಚಿನ ತೂತಿಗೆ 8 ಎಂಎಂ ಬೋಲ್ಟ್ ಹಾಕಿರುವುದು ಸಾಮಾನ್ಯ. 5/16 ಅಂದರೆ 7.94 ಎಂಎಂ, ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ಎಳೆ ಬೇರೆ. ಇಂಚಿನದಕ್ಕೆ ಒಂದು ಇಂಚಿಗೆ 18 ಎಳೆ, 8 ಎಂಎಂಗೆ ಇಪ್ಪತ್ತಕ್ಕೂ ತುಸು ಜಾಸ್ತಿ. ಎರಡು-ಮೂರು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ. ಅದನ್ನೇ ಬೋಲ್ಟ್ ಟೈಟ್ ಆಯಿತು ಅಂದುಕೊಂಡು ಬಿಟ್ಟಿರುತ್ತಾರೆ, ಇಲ್ಲ ಜಗ್ಗಿ ಎಳೆ ಕಿತ್ತಿರುತ್ತಾರೆ. ಪಂಪ್ ಸೋರುವುದು ಆ ಮೂಲೆಯಿಂದ. ಹೊಸ ಬೋಲ್ಟನ್ನು ಪ್ರತಿ ತೂತಿಗೂ ಬರಿಗೈಯಲ್ಲಿ ಕೊನೆಯವರೆಗೆ ತಿರುಗಿಸಿ ನೋಡಿ. ಕೈಯಲ್ಲಿ ಹೋಗದಿದ್ದರೆ ಎಳೆ ಕೊರೆಯುವ ಸರಿಯಾದ ಟ್ಯಾಪ್ ಓಡಿಸಿ ಎಳೆ ಶುಚಿ ಮಾಡಿ.

ಪಂಪ್ ಕೂರುವ ಮುಖ

ಎಲ್ಲ ಬೋಲ್ಟ್ ಬಂದ ಮೇಲೂ ಪಂಪ್ ಅಂಟಿಕೊಂಡೇ ಇರುತ್ತದೆ. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಮುಖಕ್ಕೆ ಗೀರು ಬಿದ್ದರೆ ಆ ಗೀರೇ ಮುಂದೆ ನೀರಿನ ದಾರಿ. ಮರದ ತುಂಡು ಇಟ್ಟು ಪಕ್ಕದಿಂದ ತಟ್ಟಿದರೆ ಬಿಡುತ್ತದೆ.

ಈಗ ಬ್ಲಾಕಿನ ಕಡೆ ನೋಡಿ. ಹಳೇ ಗ್ಯಾಸ್ಕೆಟ್ ಕಪ್ಪಗೆ, ಗಟ್ಟಿಯಾಗಿ ಪದರಪದರವಾಗಿ ಕೂತಿರುತ್ತದೆ. ಒಂದರ ಮೇಲೊಂದು ಎರಡು-ಮೂರು ತಲೆಮಾರಿನ ಪೇಸ್ಟ್. ಕ್ಯಾಲೆಂಡರಿನ ರಟ್ಟು ಕತ್ತರಿಸಿ ಹಾಕಿದ್ದನ್ನೂ ನೋಡಿದ್ದೇನೆ. ಒಳಗಿನ ರಂಧ್ರಕ್ಕೆ ಮೊದಲು ಬಟ್ಟೆ ತುರುಕಿ, ಕೆರೆದ ಚೂರು ಒಳಗೆ ಬಿದ್ದರೆ ರೇಡಿಯೇಟರಿನ ಕೊಳವೆಯಲ್ಲಿ ಹೋಗಿ ಕೂರುತ್ತದೆ. ಹಳೇ ಹ್ಯಾಕ್ಸಾ ಬ್ಲೇಡಿನ ಬೆನ್ನನ್ನು ಕಲ್ಲಿಗೆ ಉಜ್ಜಿ ಚಪ್ಪಟೆ ಮಾಡಿಕೊಂಡು, ಮುಖಕ್ಕೆ ಮಲಗಿಸಿದ ಹಾಗೆ ಹಿಡಿದು ಕೆರೆಯಿರಿ. ಗ್ರೈಂಡರ್ ಹಾಕಬೇಡಿ. ಐದು ನಿಮಿಷದ ಕೆಲಸಕ್ಕೆ ಮುಖ ತಟ್ಟೆಯಂತೆ ನಡು ತಗ್ಗಾಗುತ್ತದೆ.

ಕಪ್ಪು ಹೋಗಿ ಕಬ್ಬಿಣದ ಬೂದು ಬಣ್ಣ ಎಲ್ಲ ಕಡೆ ಕಂಡ ಮೇಲೆ, ಚಪ್ಪಟೆ ಮರದ ತುಂಡಿಗೆ ಎಮರಿ ಕಾಗದ ಸುತ್ತಿ ನಾಲ್ಕು ಸಲ ಎಳೆಯಿರಿ. ಹೊಳೆಯದೆ ಕಪ್ಪಗೇ ಉಳಿದ ಜಾಗ ಇದ್ದರೆ ಅದು ತುಕ್ಕು ತಿಂದ ಗುಂಡಿ. ಉಗುರಿನಲ್ಲಿ ಸವರಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳ ಇದ್ದು, ಅದು ಅಂಚಿನಿಂದ ಅಂಚಿಗೆ ಹಾದುಹೋಗಿದ್ದರೆ ಕಾಗದದ ಗ್ಯಾಸ್ಕೆಟ್ ಒಂದೇ ಅದನ್ನು ತಡೆಯುವುದಿಲ್ಲ. ಬ್ರೇಕ್ ಕ್ಲೀನರ್ ಹಾಕಿ ಎಣ್ಣೆ ತೆಗೆದು, ಕಬ್ಬಿಣಕ್ಕೆ ಹಾಕುವ ಎಪಾಕ್ಸಿ ತುಂಬಿ, ಮಾರನೇ ದಿನ ಮಟ್ಟ ಮಾಡಿ. ಒಂದು ದಿನ ತಡವಾಗುತ್ತದೆ, ಆಗಲಿ. ಹೊಸ ಪಂಪಿನ ಮುಖವನ್ನೂ ಗಾಜಿನ ಮೇಲಿಟ್ಟು ಅಲುಗುತ್ತದಾ ನೋಡಿ. ಹೊಸತು ಅಂದ ಮಾತ್ರಕ್ಕೆ ಮಟ್ಟಸ ಇರಲೇಬೇಕು ಅಂತ ಇಲ್ಲ.

ಸಿದ್ಧ ಗ್ಯಾಸ್ಕೆಟ್ ಸಿಗದಿದ್ದರೆ ಮಾಡಿಕೊಳ್ಳಿ. ಅರ್ಧದಿಂದ ಮುಕ್ಕಾಲು ಎಂಎಂ ದಪ್ಪದ ಗ್ಯಾಸ್ಕೆಟ್ ಪೇಪರನ್ನು ಪಂಪಿನ ಮುಖದ ಮೇಲೆ ಬಿಗಿಯಾಗಿ ಹಿಡಿದು, ಗುಂಡುತಲೆಯ ಸಣ್ಣ ಸುತ್ತಿಗೆಯಿಂದ ಅಂಚಿನ ಉದ್ದಕ್ಕೂ ಮೆಲ್ಲಗೆ ಕುಟ್ಟುತ್ತಾ ಹೋದರೆ ಅಂಚೇ ಕಾಗದವನ್ನು ಕತ್ತರಿಸುತ್ತದೆ. ಮೊದಲು ಬೋಲ್ಟ್ ತೂತು ಕುಟ್ಟಿ, ಅದರಲ್ಲಿ ಬೋಲ್ಟ್ ತೂರಿಸಿಕೊಂಡರೆ ಕಾಗದ ಸರಿಯುವುದಿಲ್ಲ. ತೀರಾ ದಪ್ಪ ಕಾಗದ ಬೇಡ. ಇಂಪೆಲ್ಲರ್ ಬ್ಲಾಕಿನಿಂದ ದೂರವಾಗಿ ನೀರು ತಳ್ಳುವ ಬಲ ಕುಗ್ಗುತ್ತದೆ. ತೀರಾ ತೆಳುವಾದರೆ ಇಂಪೆಲ್ಲರ್ ಬ್ಲಾಕಿಗೆ ಉಜ್ಜಬಹುದು.

ಕೂರಿಸುವುದು

ಗ್ಯಾಸ್ಕೆಟ್ಟಿನ ಎರಡೂ ಬದಿಗೆ ಪೇಸ್ಟ್ ತೆಳ್ಳಗೆ ಸವರಿ, ಕಾಗದದ ಬಣ್ಣ ಹಿಂದಿನಿಂದ ಕಾಣುವಷ್ಟು ತೆಳ್ಳಗೆ. ಹೊರಗೆ ಉಕ್ಕಿ ಬಂದ ಪೇಸ್ಟ್ ಕಣ್ಣಿಗೆ ಕಾಣುತ್ತದೆ, ಅಷ್ಟೇ ಒಳಗೂ ಉಕ್ಕಿರುತ್ತದೆ. ಅದು ಕಿತ್ತು ಬಂದು ರೇಡಿಯೇಟರಿಗೆ ಸೇರುತ್ತದೆ.

ಬೋಲ್ಟ್ ತೂತಿನೊಳಗೆ ಸಣ್ಣ ತಂತಿ ಹಾಕಿ ನೋಡಿ. ತಂತಿ ತಳ ಮುಟ್ಟದೆ ಒಳಗೆ ಹೋದರೆ ಆ ತೂತು ನೀರಿನ ಜಾಗಕ್ಕೇ ತೆರೆದಿದೆ. ಅಂಥ ಬೋಲ್ಟಿನ ಎಳೆಗೂ ಪೇಸ್ಟ್ ಹಚ್ಚಬೇಕು. ಇಲ್ಲದಿದ್ದರೆ ಬೋಲ್ಟಿನ ತಲೆಯಿಂದ ನೀರು ಜಿನುಗುತ್ತದೆ, ನೀವು ಗ್ಯಾಸ್ಕೆಟ್ಟಿಗೆ ಬಯ್ಯುತ್ತೀರಿ.

ಎಲ್ಲ ಬೋಲ್ಟನ್ನೂ ಕೈಯಲ್ಲೇ ಹಿಡಿಸಿ. ಆಮೇಲೆ ಎದುರುಬದುರಾಗಿ, ಒಂದೊಂದಕ್ಕೆ ಸ್ವಲ್ಪ ಸ್ವಲ್ಪ ಬಿಗಿಸುತ್ತಾ ಬನ್ನಿ. ಪ್ರತಿ ಸುತ್ತಿಗೂ ಹಬ್ ತಿರುಗಿಸಿ ನೋಡಿ, ಉಜ್ಜುವ ಶಬ್ದ ಬಂದರೆ ನಿಲ್ಲಿಸಿ. ಟಾರ್ಕ್ ಸ್ಪ್ಯಾನರ್ ಇದ್ದರೆ 5/16 ಬೋಲ್ಟಿಗೆ 12-15 ಪೌಂಡ್-ಅಡಿ ಸಾಕು, ಅಂದರೆ 16-20 ನ್ಯೂಟನ್ ಮೀಟರ್. ಗಾಡಿಯ ಕೈಪಿಡಿ ಕೈಯಲ್ಲಿದ್ದರೆ ಅದರ ಲೆಕ್ಕವೇ ಕೊನೆ. ಟಾರ್ಕ್ ಸ್ಪ್ಯಾನರ್ ಇಲ್ಲದವರು ಗಿಡ್ಡ ಹಿಡಿಕೆಯ ಸ್ಪ್ಯಾನರ್ ಹಿಡಿದು ಮಣಿಕಟ್ಟಿನ ಬಲವಷ್ಟೇ ಹಾಕಿ, ಭುಜದ್ದಲ್ಲ.

ಪುಲ್ಲಿ, ಫ್ಯಾನ್ ಹಾಕಿ, ರೇಡಿಯೇಟರ್ ಕೂರಿಸಿ, ಫ್ಯಾನನ್ನು ಒಂದು ಸುತ್ತು ಕೈಯಲ್ಲಿ ತಿರುಗಿಸಿ ಎಲ್ಲೂ ತಾಗುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಬೆಲ್ಟನ್ನು ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚಿನಷ್ಟಾದರೂ ತಗ್ಗಬೇಕು. ಕಿರುಚಬಾರದು ಅಂತ ವೀಣೆ ತಂತಿಯಂತೆ ಬಿಗಿದರೆ ಹೊಸ ಪಂಪಿನ ಬೇರಿಂಗೇ ಮೊದಲು ಬಲಿ.

ಥರ್ಮೋಸ್ಟಾಟ್ ಬೇಕಾ?

ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದೆ ತಡೆಯುವ ವಾಲ್ವ್ ಅದು. ನಮ್ಮಲ್ಲಿ ಅರ್ಧಕ್ಕರ್ಧ ಹಳೇ ಗಾಡಿಗಳಲ್ಲಿ ಅದು ಇರುವುದೇ ಇಲ್ಲ. "ಸೆಖೆ ಊರಿಗೆ ಅದ್ಯಾಕೆ" ಅಂತ ಯಾವಾಗಲೋ ಕಿತ್ತು ಎಸೆದಿರುತ್ತಾರೆ. ನನ್ನ ಅಭಿಪ್ರಾಯ: ಇರಲಿ. ಎಂಜಿನ್ ಸದಾ ತಣ್ಣಗೇ ಓಡಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ಲಿನಲ್ಲಿ ಗಸಿ ಕಟ್ಟುತ್ತದೆ, ಸಿಲಿಂಡರ್ ಸವೆಯುತ್ತದೆ. ಶಿರಸಿಯ ಚಳಿಗಾಲದ ಬೆಳಗಿನಲ್ಲಿ ಚೋಕ್ ಎಳೆದುಕೊಂಡೇ ಪೇಟೆ ಮುಟ್ಟುವ ಗಾಡಿ ನೋಡಿದ್ದೀರಲ್ಲ, ಅದೇ ಇದು. ಪಾತ್ರೆಯಲ್ಲಿ ನೀರು ಕಾಯಿಸಿ ದಾರದಲ್ಲಿ ಇಳಿಬಿಟ್ಟು ಪರೀಕ್ಷಿಸಿ. ಇಂಥ ಹಳೇ ಎಂಜಿನ್ನುಗಳಿಗೆ ಬರುವವು ಸಾಮಾನ್ಯವಾಗಿ 70ರಿಂದ 82 ಡಿಗ್ರಿಯೊಳಗೆ ಬಾಯಿ ಬಿಡುತ್ತವೆ. ಕುದಿಯುವ ನೀರಿನಲ್ಲೂ ತೆರೆಯದಿದ್ದರೆ ಅದನ್ನು ಹಾಕಬೇಡಿ.

ಯಾವ ನೀರು?

ಕಾರವಾರ, ಅಂಕೋಲಾ, ಕುಮಟಾ ಕಡೆ ಹೊಳೆಬಾಯಿಯ ಹತ್ತಿರದ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ಹತ್ತುತ್ತದೆ. ಬಾಯಿಗೆ ತುಸು ಸಪ್ಪೆ ಉಪ್ಪು ಅನಿಸುವ ಆ ನೀರು ರೇಡಿಯೇಟರಿನ ಒಳಗೆ ಕಬ್ಬಿಣ, ಹಿತ್ತಾಳೆ, ಸೀಸದ ಬೆಸುಗೆ ಮೂರನ್ನೂ ಒಟ್ಟಿಗೆ ತಿನ್ನುತ್ತದೆ. ಪಂಪಿನ ಸೀಲಿಗಂತೂ ಆ ತುಕ್ಕಿನ ಪುಡಿಯೇ ಉಪ್ಪುಕಾಗದ. ಘಟ್ಟದ ಮೇಲಿನವರು "ನಮ್ಮದು ಸಿಹಿ ನೀರು" ಅಂತ ನಿಶ್ಚಿಂತೆಯಿಂದ ಇರುತ್ತಾರೆ. ಸಿಹಿ ನೀರಿಗೂ ಕಬ್ಬಿಣ ತುಕ್ಕು ಹಿಡಿಯುತ್ತದೆ, ನಿಧಾನ ಅಷ್ಟೇ.

ಕೂಲೆಂಟ್ ಹಾಕುವುದು ಹೆಪ್ಪುಗಟ್ಟದಿರಲಿ ಅಂತ ಅಲ್ಲ, ನಮ್ಮೂರಲ್ಲಿ ಎಲ್ಲಿಯ ಹಿಮ! ಅದರಲ್ಲಿರುವ ತುಕ್ಕು ತಡೆಯುವ ಅಂಶಕ್ಕಾಗಿ ಹಾಕುವುದು. ಹಿತ್ತಾಳೆ-ತಾಮ್ರದ ರೇಡಿಯೇಟರಿಗೆ ಆಗುತ್ತದೆ ಅಂತ ಡಬ್ಬದ ಮೇಲೆ ಬರೆದದ್ದನ್ನೇ ತನ್ನಿ. ಬೆರೆಸುವಂಥದ್ದಾದರೆ ಡಿಸ್ಟಿಲ್ಡ್ ನೀರಿನಲ್ಲಿ ಬೆರೆಸಿ. ಅಂಗಡಿಯಲ್ಲಿ ಬ್ಯಾಟರಿ ನೀರು ಅಂತ ಕೇಳಿ ತರುವಾಗ ಬ್ಯಾಟರಿ ಆಸಿಡ್ ತಂದುಬಿಡಬೇಡಿ. ಎರಡೂ ಒಂದೇ ಥರದ ಕ್ಯಾನಿನಲ್ಲಿ ಬರುತ್ತವೆ. ಘಟ್ಟದ ಮೇಲಿನವರಿಗೆ ಮಳೆಗಾಲದಲ್ಲಿ ಇನ್ನೊಂದು ದಾರಿ ಇದೆ. ನಾಲ್ಕಾರು ಮಳೆ ಹೊಯ್ದು ತಾಡಪಾಲು ತೊಳೆದ ಮೇಲೆ ಅದರಿಂದ ಹಿಡಿದ ಮಳೆನೀರು ಚೆನ್ನಾಗಿರುತ್ತದೆ.

ರೇಡಿಯೇಟರ್ ಮುಚ್ಚಳವನ್ನೂ ನೋಡಿ. ಒತ್ತಡದ ಮುಚ್ಚಳ ಪ್ರತಿ ಪೌಂಡ್ ಒತ್ತಡಕ್ಕೆ ಕುದಿಯುವ ಬಿಸಿಯನ್ನು ಸುಮಾರು ಒಂದೂವರೆ ಡಿಗ್ರಿ ಮೇಲೆ ತಳ್ಳುತ್ತದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರ, ತೆರೆದ ಪಾತ್ರೆಯಲ್ಲಿ ನೀರು ಅಲ್ಲಿ 98 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ರಬ್ಬರ್ ಹರಿದ ಮುಚ್ಚಳ ಇಟ್ಟುಕೊಂಡು ಘಟ್ಟ ಹತ್ತುವುದು ದಡ್ಡತನ. ಹಾಗಂತ ಹೊಸ ಕಾರಿನ ಜಾಸ್ತಿ ಒತ್ತಡದ ಮುಚ್ಚಳ ಹಾಕಿದರೆ ಹಳೇ ರೇಡಿಯೇಟರಿನ ಬೆಸುಗೆ ಸೀಳುತ್ತದೆ. ಮೂಲದಲ್ಲಿ ಇದ್ದಷ್ಟೇ ಇರಲಿ.

ಗಾಳಿ ತೆಗೆಯುವುದು, ಓಡಿಸಿ ನೋಡುವುದು

ಗಾಡಿಯ ಮೂತಿ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ ನಿಧಾನ ತುಂಬಿ. ಮೇಲಿನ ಹೋಸನ್ನು ಆಗಾಗ ಹಿಸುಕಿದರೆ ಗುಳುಗುಳು ಅಂತ ಗಾಳಿ ಬರುತ್ತದೆ. ಮುಚ್ಚಳ ತೆಗೆದೇ ಎಂಜಿನ್ ಚಾಲು ಮಾಡಿ, ಥರ್ಮೋಸ್ಟಾಟ್ ತೆರೆಯುವವರೆಗೆ ಕಾಯಿರಿ. ಮೇಲಿನ ಹೋಸ್ ತಟ್ಟನೆ ಬಿಸಿಯಾಗಿ ನೀರಿನ ಮಟ್ಟ ಒಮ್ಮೆ ಇಳಿಯುತ್ತದೆ. ಆಗ ಮತ್ತೆ ತುಂಬಿ ಮುಚ್ಚಳ ಹಾಕಿ. ಒಳಗೆ ಗಾಳಿ ಉಳಿದರೆ ಪಂಪ್ ನೀರಿನ ಬದಲು ಗುಳ್ಳೆ ಕಡೆಯುತ್ತಿರುತ್ತದೆ, ಸೀಲ್ ಒಣಗಿ ಸುಡುತ್ತದೆ.

ಪಂಪಿನ ಕೆಳಗಿನ ತೂತಿಗೆ ಟಾರ್ಚ್ ಹಿಡಿಯಿರಿ. ಹೊಸ ಸೀಲ್ ಹೊಂದಿಕೊಳ್ಳುವವರೆಗೆ ಒಂದೆರಡು ಹನಿ ಬೀಳಬಹುದು. ಎಡೆಬಿಡದೆ ತೊಟ್ಟಿಕ್ಕಿದರೆ ವಾಪಸ್ ಕೊಡುವ ಮಾಲು ಅದು.

ಮೊದಲ ಓಟ ಬಯಲಿನಲ್ಲಿ, ಬನವಾಸಿ ರಸ್ತೆಯಂಥ ಕಡೆ. ತಣ್ಣಗಾದ ಮೇಲೆ ಕ್ಲಿಪ್ಪುಗಳನ್ನು ಇನ್ನೊಂದು ಸಲ ಬಿಗಿದು, ನೀರಿನ ಮಟ್ಟ ನೋಡಿ, ಬೆಲ್ಟ್ ಎಳೆದಿದ್ದರೆ ಸರಿಮಾಡಿ. ಇಷ್ಟಾದ ಮೇಲೆ ಕುಮಟಾ ಕಡೆಯಿಂದ ದೇವಿಮನೆ, ಅಥವಾ ಅಂಕೋಲಾ ಕಡೆಯಿಂದ ಅರಬೈಲ್ ಘಟ್ಟವನ್ನು ಅರ್ಧ ಲೋಡಿನಲ್ಲಿ ಹತ್ತಿಸಿ. ಬಿಸಿ ತೋರಿಸುವ ಮೀಟರಿನ ಮುಳ್ಳು ಏರುತ್ತಾ ಹೋಗಿ ಒಂದು ಕಡೆ ನಿಂತರೆ ಸರಿ. ಮೇಲೆ ಬಂದು ನಿಲ್ಲಿಸಿದಾಗ ಕೂಡಲೇ ಬಂದ್ ಮಾಡಬೇಡಿ, ಒಂದೆರಡು ನಿಮಿಷ ಹಾಗೇ ಓಡಲಿ. ಬಿಸಿ ಎಂಜಿನ್ನಿನಲ್ಲಿ ನೀರು ಒಮ್ಮೆಲೇ ನಿಂತರೆ ಹೆಡ್ಡಿನ ಸುತ್ತ ಕುದಿಯುತ್ತದೆ.

ಮಳೆಗಾಲದಲ್ಲಿ ಹಳ್ಳ ದಾಟಿಸುವವರು ನೀರು ಫ್ಯಾನಿನ ಮಟ್ಟಕ್ಕೆ ಬರುವಂತಿದ್ದರೆ ದಾಟುವ ಮೊದಲು ಬೆಲ್ಟ್ ಕಳಚಿ, ದಾಟಿದ ಕೂಡಲೇ ಹಾಕಿ. ಓಡುವ ಫ್ಯಾನ್ ನೀರನ್ನು ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಮೇಲೆ ಎರಚುತ್ತದೆ, ರೆಕ್ಕೆ ಬಾಗಿ ರೇಡಿಯೇಟರನ್ನೂ ಸೀಳಬಹುದು. ಕಳಚಿದ ಹಳೇ ಪಂಪನ್ನು ಗುಜರಿಗೆ ಹಾಕಬೇಡಿ. ಮುಖಕ್ಕೆ ಗ್ರೀಸ್ ಸವರಿ ಮಾಳಿಗೆಯ ಮೇಲೆ ಇಡಿ. ಮೂಲ ಎರಕದ ಮೈ ವರ್ಷದಿಂದ ವರ್ಷಕ್ಕೆ ಅಪರೂಪ ಆಗುತ್ತಿದೆ, ಕಿಟ್ ಸಿಕ್ಕಾಗ ಕಟ್ಟಿಸಿಟ್ಟರೆ ಅದೇ ನಿಮ್ಮ ಸ್ಪೇರ್.